ಬೊಮ್ಮನಹಳ್ಳಿಯ ಹಾಸಿಗೆಗಳೂ ಪರವಾನಗಿಯ ಚರಿತ್ರೆಯೂ

ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ ದಾಟಿ ಹೊಸೂರು ರಸ್ತೆಯಿಂದ ಬೊಮ್ಮನಹಳ್ಳಿಯ ಯಾವ ಅಡ್ಡರಸ್ತೆಗೆ ಹೊರಳಿದರೂ ಒಂದೇ ಬಗೆಯ ಫಲಕಗಳು: ಜೆಂಟ್ಸ್ ಪಿ.ಜಿ., ಲೇಡೀಸ್ ಪಿ.ಜಿ., ಎರಡು ಶೇರಿಂಗ್, ಮೂರು ಶೇರಿಂಗ್, ಬೆಳಗಿನ ತಿಂಡಿ, ರಾತ್ರಿ ಊಟ, ವೈಫೈ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯಕ್ಕೆ ‘ಬೆಡ್ ಅಂಡ್ ಬ್ರೇಕ್‌ಫಾಸ್ಟ್’ ಎಂಬ ಯೋಜನೆಯೊಂದಿದೆ. ಅದರ ಪ್ರಕಾರ ಮಾಲೀಕ ಅದೇ ಮನೆಯಲ್ಲಿ ವಾಸವಿರಬೇಕು, ಬಾಡಿಗೆಗೆ ಕೊಡುವ ಕೋಣೆಗಳು 6ನ್ನು, ಹಾಸಿಗೆಗಳು 12ನ್ನು ಮೀರಬಾರದು. ಬೊಮ್ಮನಹಳ್ಳಿಯಲ್ಲಿ ಹಾಸಿಗೆಯೂ ಉಂಟು, ತಿಂಡಿಯೂ ಉಂಟು. ಆದರೆ ಇಲ್ಲಿ ಉಳಿಯುವವರು ಪ್ರವಾಸಿಗಳಲ್ಲ, ಉಳಿಸಿಕೊಳ್ಳುವವರು ಬಹುತೇಕ ಅದೇ ಮನೆಯವರೂ ಅಲ್ಲ. ಊರು ನೋಡಲು ಬಂದವನಿಗಾಗಿ ಬರೆದ ನಿಯಮ ಊರಿನಲ್ಲಿ ದುಡಿಯಲು ಬಂದವನಿಗೆ ಹೊಂದುವುದಿಲ್ಲ. ಈ ಹೊಂದಾಣಿಕೆಯ ಕೊರತೆ ಇತ್ತೀಚಿನದೇನೂ ಅಲ್ಲ. ಹಣ ಕೊಟ್ಟು ತಂಗುವವರ ಬಗ್ಗೆ ನಮ್ಮಲ್ಲಿ ಆಗಿಹೋದ ಕಾನೂನುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ, ಅವೆಲ್ಲ ಕಟ್ಟಡವನ್ನು ನೋಡಿದವು, ಅಪರಿಚಿತನನ್ನು ಅನುಮಾನಿಸಿದವು. ತಿಂಗಳುಗಟ್ಟಲೆ, ವರ್ಷಗಟ್ಟಲೆ ಅಲ್ಲೇ ಮಲಗುವವನಿಗೂ ಒಂದು ಹಕ್ಕಿರಬಹುದೆಂದು ಯೋಚಿಸಿದ್ದು ತೀರಾ ಅಪರೂಪ.

ಬೆಂಗಳೂರಿನಲ್ಲಿ ತಂಗುದಾಣದ ಕಥೆ ಪರವಾನಗಿಯಿಂದ ಶುರುವಾಗುವುದಿಲ್ಲ, ದಾನದಿಂದ ಶುರುವಾಗುತ್ತದೆ. ಗುಬ್ಬಿ ತೋಟದಪ್ಪನವರು 1897ರಲ್ಲಿ ರೈಲು ನಿಲ್ದಾಣದ ಎದುರು ಜಾಗ ಕೊಂಡು ಕಟ್ಟಿಸಿದ ಧರ್ಮಛತ್ರವನ್ನು 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಉದ್ಘಾಟಿಸಿದರು. ಆ ದತ್ತಿಯಲ್ಲಿ ಗಮನಿಸಬೇಕಾದ್ದು ಒಂದಿದೆ: ಅದು ದಾರಿಹೋಕರಿಗೆ ಛತ್ರವನ್ನೂ ವಿದ್ಯಾರ್ಥಿಗಳಿಗೆ ಉಚಿತ ನಿಲಯವನ್ನೂ ಒಟ್ಟಿಗೆ ನಡೆಸಿತು. ದಾರಿಹೋಕನದು ದಿನಗಳ ಲೆಕ್ಕ, ವಿದ್ಯಾರ್ಥಿಯದು ವರ್ಷಗಳ ಲೆಕ್ಕ. ಎರಡೂ ಬೇರೆ ಬೇರೆ ಅಗತ್ಯ ಎಂಬುದು ದಾನಿಗೆ ಸ್ಪಷ್ಟವಿತ್ತು. ಆಮೇಲೆ ಬಂದ ಜಾತಿವಾರು ವಿದ್ಯಾರ್ಥಿನಿಲಯಗಳೂ ವಾರಾನ್ನದ ಮನೆಗಳೂ ಇದೇ ತಿಳಿವಳಿಕೆಯ ಮೇಲೆ ನಿಂತವು. ಹಳ್ಳಿಯಿಂದ ಓದಲು ಬಂದ ಹುಡುಗನಿಗೆ ಅನ್ನ ಮತ್ತು ಚಾಪೆ ಒಂದು ರಾತ್ರಿಯ ಉಪಕಾರವಾಗಿರಲಿಲ್ಲ. ‘ಆಗ ಪರವಾನಗಿಯೇ ಇರಲಿಲ್ಲ, ಆದರೂ ಎಲ್ಲ ಸುಸೂತ್ರವಾಗಿ ನಡೆಯಿತಲ್ಲ’ ಎಂದು ಕೇಳುವವರಿದ್ದಾರೆ. ಪರವಾನಗಿ ಇರಲಿಲ್ಲ, ನಿಜ. ಮೇಲ್ವಿಚಾರಣೆ ಮಾತ್ರ ಇತ್ತು. ಸಂಸ್ಥಾನದಲ್ಲಿ ಮುಜರಾಯಿ ಇಲಾಖೆಯಿತ್ತು, 1927ರಲ್ಲಿ ಧಾರ್ಮಿಕ ಮತ್ತು ಧರ್ಮಾರ್ಥ ಸಂಸ್ಥೆಗಳಿಗೆಂದೇ ಮೈಸೂರು ಕಾಯ್ದೆಯೂ ಬಂತು. ದತ್ತಿಯ ಹಣ ಯಾರಿಗಾಗಿ ಇಟ್ಟದ್ದೋ ಅವರಿಗೆ ಸೇರುತ್ತಿದೆಯೇ ಎಂದು ಕೇಳುವ ಅಧಿಕಾರ ಅಲ್ಲಿತ್ತು. ಜೊತೆಗೆ ಒಂದು ಕಹಿ ಸತ್ಯವೂ ಇತ್ತು: ಯಾವ ಜಾತಿಯವರಿಗೆ ದಾನಿಗಳಿರಲಿಲ್ಲವೋ ಅವರಿಗೆ ಚಾಪೆಯೂ ಇರಲಿಲ್ಲ. ಇಂದಿನ ಪಿ.ಜಿ.ಗಳನ್ನು ಬೈಯುವವರು ಇದನ್ನು ಮರೆಯಬಾರದು. ದುಡ್ಡು ಕೊಟ್ಟವರಿಗೆ ಹಾಸಿಗೆ ಎಂಬ ವ್ಯವಹಾರ, ಎಷ್ಟೇ ಒರಟಾಗಿದ್ದರೂ, ಕುಲ ಕೇಳುವುದನ್ನು ಕಡಿಮೆ ಮಾಡಿತು.

ಬ್ರಿಟಿಷ್ ಇಂಡಿಯಾದ ಸರ್ಕಾರ 1867ರಲ್ಲಿ ಮಾಡಿದ ಸರಾಯಿ (ದಾರಿಹೋಕರ ತಂಗುದಾಣ) ಕಾಯ್ದೆಯ ದೃಷ್ಟಿಯೇ ಬೇರೆ. ಸರಾಯಿ ನಡೆಸುವವನು ಜಿಲ್ಲಾ ಮ್ಯಾಜಿಸ್ಟ್ರೇಟರ ಬಳಿ ಹೆಸರು ನೋಂದಾಯಿಸಬೇಕು, ತಂಗಿದವರಲ್ಲಿ ಯಾರಿಗಾದರೂ ಸಾಂಕ್ರಾಮಿಕ ರೋಗ ಬಂದರೆ ಹತ್ತಿರದ ಪೊಲೀಸ್ ಠಾಣೆಗೆ ತಿಳಿಸಬೇಕು. ಕೋಣೆ, ಜಗಲಿ, ಚರಂಡಿ, ಬಾವಿಗಳನ್ನು ಶುಚಿಯಾಗಿಡಬೇಕು, ಬೇಕಾದಷ್ಟು ಕಾವಲುಗಾರರನ್ನು ನೇಮಿಸಬೇಕು, ದರಪಟ್ಟಿಯನ್ನು ಕಾಣುವಂತೆ ತೂಗುಹಾಕಬೇಕು. ಅದರಲ್ಲಿ ನನಗೆ ಬಹಳ ಹಿಡಿಸಿದ ಅಂಶವೊಂದಿದೆ: ಕಳ್ಳರು ಹತ್ತಿ ಒಳಗೆ ಇಳಿಯಲು ನೆರವಾಗುವಂಥ ಮರಗಳನ್ನೂ ಕೊಂಬೆಗಳನ್ನೂ ತೆಗೆಸಬೇಕಂತೆ. ಕಾನೂನು ಬರೆದವನು ಸರಾಯಿಯ ಗೋಡೆಯ ಸುತ್ತ ಒಂದು ಸುತ್ತು ನಡೆದು ಬಂದು ಬರೆದಂತಿದೆ. ಗೋಡೆ, ಬಾಗಿಲು, ಬಾವಿ, ಕೊಂಬೆ ಎಲ್ಲವೂ ಅವನ ಕಣ್ಣಿಗೆ ಬಿದ್ದಿವೆ. ಒಳಗೆ ಮಲಗಿದವನಿಗೆ ಅವನು ಕೊಟ್ಟದ್ದು ಮಾತ್ರ ಗೋಡೆಯ ಮೇಲಿನ ದರಪಟ್ಟಿಯೊಂದೇ.

ನಿಯಮದ ಈ ಎರಡು ಕಣ್ಣುಗಳು, ಒಂದು ರೋಗದ ಮೇಲೆ, ಇನ್ನೊಂದು ಕಳ್ಳನ ಮೇಲೆ, ಮುಂದೆಯೂ ಬದಲಾಗಲಿಲ್ಲ. 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ರೈಲಿನಲ್ಲಿ ಪ್ಲೇಗು ಬಂದಾಗ ಪ್ರಯಾಣಿಕರ ತಪಾಸಣೆ, ಶಿಬಿರ, ಮನೆ ಶೋಧನೆ ಶುರುವಾದವು. ಕಿಕ್ಕಿರಿದ ಪೇಟೆಯಿಂದ ಜನ ಬಸವನಗುಡಿ, ಮಲ್ಲೇಶ್ವರಗಳತ್ತ ಸರಿದರು. ಹೊರಗಿನಿಂದ ಬಂದು ತಂಗುವವನೆಂದರೆ ರೋಗ ತರುವವನು ಎಂಬ ಭಾವನೆ ಆಡಳಿತದಲ್ಲಿ ಗಟ್ಟಿಯಾಯಿತು. 122 ವರ್ಷಗಳ ನಂತರ, 2020ರ ಏಪ್ರಿಲ್‌ನಲ್ಲಿ, ಬೊಮ್ಮನಹಳ್ಳಿ ವಲಯದ ಹೊಂಗಸಂದ್ರದಲ್ಲಿ ಅದೇ ದೃಶ್ಯ ಮರುಕಳಿಸಿತು. ಬಿಹಾರದಿಂದ ಬಂದ ಕಟ್ಟಡ ಕಾರ್ಮಿಕನೊಬ್ಬನಿಗೆ ಕೊರೊನಾ ತಗುಲಿದ್ದು ತಿಳಿದು ಬೀದಿಗಳಿಗೆ ಬೇಲಿ ಬಿತ್ತು, ಅವನ ಸಂಪರ್ಕದಲ್ಲಿದ್ದ ಹತ್ತಾರು ಜನರಲ್ಲಿ ಸೋಂಕು ಕಂಡಿತು. ಒಂದೇ ಕೋಣೆಯಲ್ಲಿ ಎಷ್ಟು ಜನ ಮಲಗುತ್ತಾರೆ ಎಂಬ ಪ್ರಶ್ನೆ ಆ ವಾರ ಎಲ್ಲರ ಬಾಯಲ್ಲಿತ್ತು. ಸೋಂಕು ಇಳಿದ ಮೇಲೆ ಪ್ರಶ್ನೆಯೂ ಇಳಿಯಿತು.

ಬೊಮ್ಮನಹಳ್ಳಿ ಇಷ್ಟು ಹಾಸಿಗೆಗಳ ಊರಾದದ್ದು ಹೇಗೆ? ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ 1978ರಲ್ಲಿ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಎಬ್ಬಿಸಿತು. 1994ರಲ್ಲಿ ಇನ್ಫೋಸಿಸ್ ಅಲ್ಲಿಗೆ ಹೋಯಿತು, ಮಿಕ್ಕವು ಹಿಂಬಾಲಿಸಿದವು. ಇತ್ತ ಹೊಸೂರು ರಸ್ತೆಯ ಇಕ್ಕೆಲಗಳಲ್ಲಿ ಗಾರ್ಮೆಂಟ್ಸ್ ಕಾರ್ಖಾನೆಗಳು ತಲೆಯೆತ್ತಿದವು. 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿ ನಿಯಮದ ಬದಲಾವಣೆಯ ವಿರುದ್ಧ ಆ ರಸ್ತೆಯನ್ನು ತಡೆದು ಕೇಂದ್ರ ಸರ್ಕಾರವನ್ನು ಹಿಂದೆ ಸರಿಸಿದ್ದು ಆ ಕಾರ್ಖಾನೆಗಳ ಹೆಣ್ಣುಮಕ್ಕಳು. ದುಡಿಯುವ ಜಾಗ ಯೋಜನೆಯ ಪ್ರಕಾರ ಬಂತು, ಮಲಗುವ ಜಾಗ ಹಾಗೆ ಬರಲಿಲ್ಲ. ಎಲೆಕ್ಟ್ರಾನಿಕ್ ಸಿಟಿಗೆ ಕಾರ್ಖಾನೆಯ ನಕ್ಷೆಯಿತ್ತು. ಅಲ್ಲಿ ದುಡಿಯುವ ಒಂಟಿ ಯುವಕ ಯುವತಿಯರು ಎಲ್ಲಿರಬೇಕು ಎಂಬುದನ್ನು ಮಾರುಕಟ್ಟೆಗೆ ಬಿಡಲಾಯಿತು. ಮಾರುಕಟ್ಟೆ ಗ್ರಾಮಠಾಣಾ ಮನೆಗಳನ್ನೂ ರೆವಿನ್ಯೂ ನಿವೇಶನಗಳನ್ನೂ ಹುಡುಕಿಕೊಂಡಿತು. ‘ಬ್ಯಾಚುಲರ್‌ಗಳಿಗೆ ಮನೆಯಿಲ್ಲ’ ಎಂದ ಮಾಲೀಕರೇ ಮೇಲೆ ಎರಡು ಅಂತಸ್ತು ಕಟ್ಟಿ ಅವರಿಗೇ ಹಾಸಿಗೆ ಲೆಕ್ಕದಲ್ಲಿ ಕೊಟ್ಟರು, ಇಲ್ಲವೇ ಇಡೀ ಕಟ್ಟಡವನ್ನು ಪಿ.ಜಿ. ನಡೆಸುವವರಿಗೆ ಗುತ್ತಿಗೆಗೆ ಬಿಟ್ಟರು. ಇದೆಲ್ಲ ಆಗುವಾಗ ಬೊಮ್ಮನಹಳ್ಳಿ ಬೆಂಗಳೂರು ಪಾಲಿಕೆಯ ಹೊರಗಿದ್ದ ನಗರಸಭೆ. 2007ರಲ್ಲಿ 7 ನಗರಸಭೆ, ಒಂದು ಪುರಸಭೆ, 110 ಹಳ್ಳಿಗಳು ಸೇರಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ಆಯಿತು. ಪಾಲಿಕೆ ಬಂದಾಗ ಹಾಸಿಗೆಗಳು ಆಗಲೇ ಹಾಸಿದ್ದವು.

ಪಾಲಿಕೆಯ ಕೈಯಲ್ಲಿದ್ದದ್ದು ಉದ್ದಿಮೆ ಪರವಾನಗಿ, ಅಂದರೆ ಟ್ರೇಡ್ ಲೈಸೆನ್ಸ್. ಮೊದಲು 1976ರ ಪೌರ ನಿಗಮಗಳ ಕಾಯ್ದೆಯಡಿ, ಆಮೇಲೆ 2020ರ ಬಿಬಿಎಂಪಿ ಕಾಯ್ದೆಯ 305ನೇ ಕಲಮಿನಡಿ. ಅದನ್ನು ಪಿ.ಜಿ.ಗಳ ಮೇಲೆ ಗಂಭೀರವಾಗಿ ಪ್ರಯೋಗಿಸಲು ಒಂದು ಕೊಲೆಯಾಗಬೇಕಾಯಿತು. 2024ರ ಜುಲೈನಲ್ಲಿ ಕೋರಮಂಗಲದ ಪಿ.ಜಿ.ಯೊಳಗೆ ನುಗ್ಗಿದವನೊಬ್ಬ ಯುವತಿಯೊಬ್ಬಳನ್ನು ಕೊಂದ. ಮರು ತಿಂಗಳೇ ಪಾಲಿಕೆ ಮಾರ್ಗಸೂಚಿ ಹೊರಡಿಸಿತು: ಬರುವ ಹೋಗುವ ದಾರಿಗಳಲ್ಲಿ ಸಿಸಿಟಿವಿ, ದಿನದ 24 ಗಂಟೆಯೂ ಕಾವಲುಗಾರ, ತಲೆಗೆ 70 ಚದರಡಿ ಜಾಗ, ದಿನಕ್ಕೆ 135 ಲೀಟರ್ ನೀರು, ಶುಚಿಯಾದ ಶೌಚಾಲಯ, ಅಡುಗೆಮನೆಗೆ ಆಹಾರ ಸುರಕ್ಷತೆಯ ಪರವಾನಗಿ, ಅಗ್ನಿ ಸುರಕ್ಷತೆ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಆರು ತಿಂಗಳಿಗೊಮ್ಮೆ ಆರೋಗ್ಯಾಧಿಕಾರಿಗಳ ತಪಾಸಣೆ. ಒಂದೊಂದೂ ಬೇಕಾದದ್ದೇ. ಆದರೆ ಇದನ್ನು 1867ರ ಪಟ್ಟಿಯ ಪಕ್ಕದಲ್ಲಿಟ್ಟು ಓದಿ. ಕಾವಲುಗಾರ ಅಲ್ಲೂ ಇದ್ದಾನೆ, ಇಲ್ಲೂ ಇದ್ದಾನೆ. ಚರಂಡಿಯ ಜಾಗಕ್ಕೆ ಶೌಚಾಲಯ, ಬಾವಿಯ ಜಾಗಕ್ಕೆ 135 ಲೀಟರ್, ಕೊಂಬೆ ಕಡಿಯುವ ಜಾಗಕ್ಕೆ ಸಿಸಿಟಿವಿ ಬಂದಿವೆ. ಒಂದೂವರೆ ಶತಮಾನದಲ್ಲಿ ಸಾಧನ ಬದಲಾಯಿತು, ದೃಷ್ಟಿ ಬದಲಾಗಲಿಲ್ಲ. ಪಿ.ಜಿ.ಯಲ್ಲಿರುವವರ ದಿನನಿತ್ಯದ ತಕರಾರು ಯಾವುದು? ಅಡ್ವಾನ್ಸ್ ವಾಪಸು ಬರುವುದಿಲ್ಲ, ಮೇಂಟೆನೆನ್ಸ್ ಎಂದು ಬೇಕಾದಷ್ಟು ಮುರಿದುಕೊಳ್ಳುತ್ತಾರೆ, ಬಾಡಿಗೆ ಇದ್ದಕ್ಕಿದ್ದಂತೆ ಏರುತ್ತದೆ, ಖಾಲಿ ಮಾಡೆಂದರೆ ನಾಳೆಯೇ ಮಾಡಬೇಕು. ಇವಕ್ಕೆ ಆ ಪಟ್ಟಿಯಲ್ಲಿ ಜಾಗವಿಲ್ಲ.

ಮಾಲೀಕರ ಆಕ್ಷೇಪವನ್ನೂ ನ್ಯಾಯವಾಗಿ ಕೇಳಬೇಕು. ತಲೆಗೆ 70 ಚದರಡಿ ಎಂದರೆ ನಾಲ್ವರ ಕೋಣೆ ಇಬ್ಬರ ಕೋಣೆಯಾಗುತ್ತದೆ, ಬಾಡಿಗೆ ಏರುತ್ತದೆ, ಆ ಏರಿಕೆಯನ್ನು ತಡೆಯಲಾಗದವನು ಇನ್ನೂ ಕೆಟ್ಟ ಜಾಗಕ್ಕೆ ಹೋಗುತ್ತಾನೆ ಎನ್ನುತ್ತಾರೆ. ಇದು ಸುಳ್ಳಲ್ಲ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ಟ್ಯಾಂಕರಿಗೆ ಕಾದ ಊರಿನಲ್ಲಿ, ಅದೇ ವರ್ಷ 135 ಲೀಟರಿನ ಹೊಣೆಯನ್ನು ಮಾಲೀಕನ ತಲೆಗೆ ಕಟ್ಟಿದ್ದರಲ್ಲಿ ಒಂದು ವ್ಯಂಗ್ಯವೂ ಇದೆ. ಆದರೆ ಇದಕ್ಕಿಂತ ದೊಡ್ಡ ತೊಡಕು ರಸ್ತೆಯದು, ಖಾತೆಯದು. ವಸತಿ ಪ್ರದೇಶದಲ್ಲಿ ವ್ಯಾಪಾರಕ್ಕೆ 40 ಅಡಿ ರಸ್ತೆ ಬೇಕೆಂಬುದು ಪಾಲಿಕೆ ಹಿಡಿದುಕೊಂಡ ಅಳತೆ. 1948ರಲ್ಲಿ ರಾಜಾಜಿಯವರು ಅಡಿಗಲ್ಲು ಹಾಕಿದ ಜಯನಗರಕ್ಕೆ, ಬಿಡಿಎ ಗೆರೆ ಎಳೆದ ಎಚ್ಎಸ್ಆರ್ ಲೇಔಟಿಗೆ ಅಂಥ ರಸ್ತೆಗಳಿವೆ. ಪಕ್ಕದಲ್ಲೇ ಇರುವ ಬೊಮ್ಮನಹಳ್ಳಿಯ ಗಲ್ಲಿಗಳು ಹೊಲದ ಬದುಗಳನ್ನು ಅನುಸರಿಸಿ ಬೆಳೆದವು. ಎಷ್ಟೋ ಕಟ್ಟಡಗಳದು ಬಿ ಖಾತಾ, ಅಂದರೆ ಪೂರ್ತಿ ಸಕ್ರಮವಲ್ಲದ ಆಸ್ತಿಯ ದಾಖಲೆ. ಹೀಗಾಗಿ ಒಂದೇ ದರದ, ಒಂದೇ ಬಗೆಯ ಎರಡು ಹಾಸಿಗೆಗಳಲ್ಲಿ ಯಾವುದಕ್ಕೆ ಪರವಾನಗಿ ಸಿಗುತ್ತದೆ ಎಂಬುದನ್ನು ಅದರ ಶುಚಿತ್ವ ತೀರ್ಮಾನಿಸುವುದಿಲ್ಲ, ಆ ಭೂಮಿ ಯಾವಾಗ, ಯಾರ ಕೈಯಲ್ಲಿ ಊರಾಯಿತು ಎಂಬ ಇತಿಹಾಸ ತೀರ್ಮಾನಿಸುತ್ತದೆ. ಪರವಾನಗಿ ಸಿಗಲು ಸಾಧ್ಯವೇ ಇಲ್ಲದವನಿಗೆ ಪರವಾನಗಿಯ ಷರತ್ತುಗಳಿಂದ ಏನಾಗಬೇಕು? ಅವನು ಕದ್ದು ನಡೆಸುತ್ತಾನೆ. ಅಧಿಕಾರಿ ಕಂಡೂ ಕಾಣದಂತಿರುತ್ತಾನೆ, ಅದಕ್ಕೊಂದು ಬೆಲೆಯಿರುತ್ತದೆ. ಬಾಡಿಗೆದಾರನಿಗೆ ದೂರು ಕೊಡುವ ಧೈರ್ಯ ಬರುವುದಿಲ್ಲ, ಏಕೆಂದರೆ ದೂರಿನ ಫಲವಾಗಿ ಮೊದಲು ಬೀಗ ಬೀಳುವುದು ಅವನು ಮಲಗುವ ಕೋಣೆಗೇ.

ತಂಗುವವನ ಕಾಲಾವಧಿಯನ್ನು ಲೆಕ್ಕಕ್ಕೆ ತೆಗೆದುಕೊಂಡ ಇಲಾಖೆಯೊಂದಿದೆ. ಅದು ಪೊಲೀಸೂ ಅಲ್ಲ, ಆರೋಗ್ಯವೂ ಅಲ್ಲ, ತೆರಿಗೆ! ಬೆಂಗಳೂರಿನ ಕಟ್ಟಡವೊಂದನ್ನು ವಿದ್ಯಾರ್ಥಿಗಳಿಗೂ ನೌಕರಿ ಮಾಡುವವರಿಗೂ ಹಾಸ್ಟೆಲ್ಲಾಗಿ ನಡೆಸಲು ಗುತ್ತಿಗೆ ಕೊಟ್ಟ ಪ್ರಕರಣದಲ್ಲಿ, ಅದು ವಾಸದ ಮನೆಯೇ ಹೊರತು ಹೋಟೆಲಲ್ಲ ಎಂದು ಕರ್ನಾಟಕ ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ಹೇಳಿತು. ಮರು ವರ್ಷ ರಾಜ್ಯದ ಮುಂಗಡ ತೀರ್ಪು ಪ್ರಾಧಿಕಾರ, ಬೇರೊಂದು ಪ್ರಕರಣದಲ್ಲಿ, ಪಿ.ಜಿ. ವಾಸದ ಮನೆಯಲ್ಲ, 12% ಜಿಎಸ್‌ಟಿ ಕೊಡಿ ಎಂದಿತು. ಕೊನೆಗೆ 2024ರ ಜೂನ್‌ನಲ್ಲಿ ಜಿಎಸ್‌ಟಿ ಮಂಡಳಿ, ತಲೆಗೆ ತಿಂಗಳಿಗೆ 20,000 ರೂಪಾಯಿ ಮೀರದೆ, ಸತತ 90 ದಿನ ಉಳಿಯುವವರಿಗೆ ತೆರಿಗೆ ಬೇಡ ಎಂದು ಗೊತ್ತುಮಾಡಿತು. 90 ದಿನ ಉಳಿದವನು ಪ್ರವಾಸಿಯಲ್ಲ, ನಿವಾಸಿ ಎಂಬ ಸರಳ ಮಾತನ್ನು ತೆರಿಗೆ ಕಾನೂನು ಒಪ್ಪಿಕೊಂಡಿದೆ. ನಗರಾಡಳಿತ ಇನ್ನೂ ಒಪ್ಪಿಲ್ಲ.

‘ಇದು ಮಾಲೀಕನಿಗೂ ಉಳಿಯುವವನಿಗೂ ಇರುವ ಖಾಸಗಿ ಒಪ್ಪಂದ, ಪಾಲಿಕೆ ಕಟ್ಟಡ ನೋಡಿಕೊಂಡರೆ ಸಾಕು, ಅಡ್ವಾನ್ಸ್ ಲೆಕ್ಕಕ್ಕೆ ಕೈಹಾಕುವುದೇಕೆ’ ಎಂಬುದು ಕೊನೆಯ ಆಕ್ಷೇಪ, ತೂಕದ ಆಕ್ಷೇಪವೂ ಹೌದು. ಬಾಡಿಗೆ ಕಾಯ್ದೆ ಆ ಕೆಲಸ ಮಾಡುತ್ತಿದ್ದರೆ ನಾನೂ ಒಪ್ಪುತ್ತಿದ್ದೆ. ಆದರೆ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಮನೆಗಳನ್ನು ಹೊರಗಿಟ್ಟಿದೆ, ಹಾಸಿಗೆ ಲೆಕ್ಕದಲ್ಲಿ ಇರುವವನು ಬಾಡಿಗೆದಾರನೆನ್ನಿಸಿಕೊಳ್ಳುವುದೇ ಕಷ್ಟ. ಇತ್ತ ಹೋಟೆಲಿನ ಗಿರಾಕಿಯೂ ಅಲ್ಲ. ಇನ್ನು, ತಂಗುವವನ ಹಿತವನ್ನು ಕಾನೂನಿನಲ್ಲಿ ಬರೆಯಲಾಗದು ಎನ್ನುವವರು 1947ರ ಮುಂಬಯಿಯನ್ನು ನೆನೆಯಬೇಕು. ಬೆಳಗಾವಿ, ಧಾರವಾಡ, ವಿಜಯಪುರ, ಉತ್ತರ ಕನ್ನಡ ಜಿಲ್ಲೆಗಳು ಆಗ ಯಾವ ಪ್ರಾಂತ್ಯದಲ್ಲಿದ್ದವೋ ಆ ಮುಂಬಯಿ ಪ್ರಾಂತ್ಯ ಮಾಡಿದ ಬಾಡಿಗೆ ನಿಯಂತ್ರಣ ಕಾಯ್ದೆಯ ಹೆಸರಿನಲ್ಲೇ ಮನೆಬಾಡಿಗೆಯ ಜೊತೆಗೆ ಹೋಟೆಲು ಮತ್ತು ಲಾಡ್ಜಿಂಗ್ ಹೌಸುಗಳ ದರವೂ ಸೇರಿತ್ತು. ತಂಗುವ ದರ ನ್ಯಾಯವಾಗಿದೆಯೇ ಎಂದು ನೋಡಲು ಕಂಟ್ರೋಲರ್ ಇದ್ದ. ಅಂಥ ದರ ನಿಯಂತ್ರಣವೇ ಇಂದು ಬೇಕೆಂದು ನಾನು ವಾದಿಸುತ್ತಿಲ್ಲ. ಅದರಿಂದ ಹೊಸ ಮನೆಗಳು ಏಳದೇ ಹೋದದ್ದನ್ನು ಮುಂಬಯಿಯೇ ಕಂಡಿದೆ. ಆದರೆ ಹಾಸಿಗೆಯಲ್ಲಿ ಮಲಗುವವನೂ ಕಾನೂನಿನ ಮುಂದೆ ಅಹವಾಲು ಹೇಳಬಹುದಾದ ಕಕ್ಷಿದಾರ ಎಂಬ ಕಲ್ಪನೆ ನಮ್ಮ ನೆರೆಯಲ್ಲೇ ಇತ್ತು.

2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಒಡೆದು ಐದು ಪಾಲಿಕೆಗಳಾದವು, ಬೊಮ್ಮನಹಳ್ಳಿ ಬೆಂಗಳೂರು ದಕ್ಷಿಣ ನಗರ ಪಾಲಿಕೆಗೆ ಸೇರಿತು. ಹೊಸ ಪಾಲಿಕೆ ಈ ನಿಯಮಗಳನ್ನು ಮತ್ತೆ ಬರೆಯುವುದಾದರೆ ಮೊದಲು ಎರಡು ಕೆಲಸಗಳನ್ನು ಬೇರ್ಪಡಿಸಬಹುದು. ಬೆಂಕಿ, ನೀರು, ತಲೆಗಿಷ್ಟು ಜಾಗ ಎಂಬ ಸುರಕ್ಷತೆಯ ನೋಂದಣಿಗೆ ಖಾತೆ ಯಾವುದು, ರಸ್ತೆ ಎಷ್ಟು ಅಗಲ ಎಂದು ಕೇಳಬೇಕಾಗಿಲ್ಲ. ಅಗ್ನಿಶಾಮಕ ವಾಹನ ಹೋಗಲಾರದ ಗಲ್ಲಿಯಲ್ಲಿ ಅಂತಸ್ತುಗಳನ್ನೂ ಹಾಸಿಗೆಗಳನ್ನೂ ಮಿತಿಗೊಳಿಸಿದರಾಯಿತು. ಕಟ್ಟಡ ಸಕ್ರಮವೋ ಅಕ್ರಮವೋ ಎಂಬ ವ್ಯಾಜ್ಯ ತನ್ನ ಪಾಡಿಗೆ ಬೇರೆ ಕಚೇರಿಯಲ್ಲಿ ನಡೆಯಲಿ. ಎರಡನೆಯದಾಗಿ, ಆ ನೋಂದಣಿಯ ಷರತ್ತಿನಲ್ಲೇ ಅಡ್ವಾನ್ಸ್ ಎಷ್ಟು, ಅದರಲ್ಲಿ ಮುರಿದುಕೊಳ್ಳುವುದೆಷ್ಟು, ಬಿಡುವ ಮುನ್ನ ಎಷ್ಟು ದಿನದ ನೋಟಿಸು ಎಂಬುದು ದರಪಟ್ಟಿಯಂತೆ ಬಾಗಿಲ ಬಳಿ ಬರೆದಿರಬೇಕು, 90 ದಿನ ದಾಟಿದವನನ್ನು ನೋಟಿಸಿಲ್ಲದೆ ಹೊರಹಾಕುವಂತಿರಬಾರದು. ಆಗಲೂ ಕಾರ್ಖಾನೆಗಳೇ ನಡೆಸುವ ಹಾಸ್ಟೆಲುಗಳಲ್ಲಿರುವ ಒಡಿಶಾ, ಜಾರ್ಖಂಡಿನ ಹೆಣ್ಣುಮಕ್ಕಳು ಹೊರಗೇ ಉಳಿಯುತ್ತಾರೆ. ಅವರದು ಪಿ.ಜಿ. ಅಲ್ಲ, ಹಾಸಿಗೆ ಕೊಡುವವನೇ ಕೂಲಿಯನ್ನೂ ಕೊಡುತ್ತಾನೆ. ಆ ನಿಲಯಗಳನ್ನು ನೋಡಬೇಕಾದದ್ದು ಪಾಲಿಕೆಯ ಆರೋಗ್ಯಾಧಿಕಾರಿಗಿಂತ ಮೊದಲು ಕಾರ್ಮಿಕ ಇಲಾಖೆ.