ಮಾನಮೋಡಿ ಬ್ಯಾನಿ



ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಮಾತಿನ ನಡುವೆ, "ಜ್ವರಾ ಬಿಟ್ಟಿತ್ರಿ ಸರ್, ನಿನ್ನೆಯಿಂದ ಮತ್ತ ಬಂದೈತಿ. ನೆಗಡೀನ ಇರಬೇಕ್ರಿ" ಎಂದ. ಆ ಮಾತು ಕೇಳಿ ನನಗೆ ನಮ್ಮ ಆಯಿಯ ನೆನಪಾಯಿತು.

1887ರಲ್ಲಿ ಜಲಶಕ್ತಿಯಿಂದ ನಡೆಯತೊಡಗಿದ ಗಿರಣಿಯ ಸುತ್ತ ಬೆಳೆದ ಊರು ನಮ್ಮ ಗೋಕಾಕ ಫಾಲ್ಸ್. ಗಿರಣಿಯ ಭೋಂಗಾ ಕೂಗಿದಾಗಲೇ ನಮಗೆ ಬೆಳಗು. ಆಯಿ ಮಾತ್ರ ಘಟಪ್ರಭೆಯ ದಂಡೆಯ ಒಂದು ಹಳ್ಳಿಯವಳು. 1918ರಲ್ಲಿ ಆರು ವರ್ಷದ ಹುಡುಗಿ. ಬೆಳಗಾವಿ ಜಿಲ್ಲೆ ಆಗ ಮುಂಬಯಿ ಇಲಾಖೆಯಲ್ಲಿತ್ತು. ಜೂನ್ ತಿಂಗಳಲ್ಲಿ ಮುಂಬಯಿ ಬಂದರಿನ ಆಸುಪಾಸಿನಲ್ಲಿ ಕಾಣಿಸಿಕೊಂಡ ಇನ್‌ಫ್ಲುಯೆಂಜಾ ಮೊದಲು ಸೌಮ್ಯವಾಗಿಯೇ ಇತ್ತು. ಸೆಪ್ಟೆಂಬರಿನಲ್ಲಿ ಎದ್ದ ಎರಡನೆಯ ಅಲೆ ಹಾಗಿರಲಿಲ್ಲ. ಅಕ್ಟೋಬರ್ 6ರಂದು ಮುಂಬಯಿ ನಗರವೊಂದರಲ್ಲಿಯೇ 768 ಜನ ಸತ್ತರು. ರೋಗ ರೈಲುದಾರಿ ಹಿಡಿದು ಒಳನಾಡಿಗೆ ಇಳಿಯಿತು. ಆ ವರ್ಷ ಮಳೆಯೂ ಕೈಕೊಟ್ಟಿತ್ತು. ಹೊಟ್ಟೆಗಿಲ್ಲದ ಮೈಗಳು ಎಷ್ಟು ತಡೆದಾವು?

ಮರಾಠಿಯಲ್ಲಿ ಅದನ್ನು 'ಮಾನಮೋಡಿ' ಎಂದರು. ಮಾನ ಎಂದರೆ ಕತ್ತು; ಕತ್ತು ಮುರಿಯುವ ಬೇನೆ. ಆಯಿಯೂ ಅದೇ ಹೆಸರು ಹೇಳುತ್ತಿದ್ದಳು. ಹೆಸರಿನಲ್ಲಿಯೇ ಲಕ್ಷಣವಿದೆ, ನೋಡಿರಿ. ನೆಗಡಿ ಮೂಗಿನಿಂದ ಮೆಲ್ಲಗೆ ಬರುತ್ತದೆ; ಇದು ಹಾಗಲ್ಲ. "ಮುಂಜಾನೆ ರೊಟ್ಟಿ ಬಡದಾಕಿ ಸಂಜೀಕ ಹಾಸಿಗಿ ಹಿಡದ್ಲು" ಎಂದು ಆಯಿ ತನ್ನ ಅವ್ವನ ಬಗ್ಗೆ ಹೇಳುತ್ತಿದ್ದಳು. ಒಮ್ಮೆಲೇ ಏರುವ ಜ್ವರ, ನಡುಕ, ತಲೆನೋವು, ಬೆನ್ನು ಕೈಕಾಲುಗಳ ಸೆಳೆತ, ಒಣಕೆಮ್ಮು, ಗಂಟಲುನೋವು, ಎದ್ದು ನಿಲ್ಲಲಾಗದ ಬಳಲಿಕೆ. ಇಂದಿನ ಫ್ಲೂವಿಗೂ ಇವೇ ಗುರುತುಗಳು. ಮಕ್ಕಳಿಗೆ ವಾಂತಿಭೇದಿಯೂ ಆಗಬಹುದು. ವಯಸ್ಸಾದವರಲ್ಲಿ ಜ್ವರವೇ ಕಾಣದೆ ಹೋಗಬಹುದು.

ಅವ್ವನಿಗೆ ಜ್ವರ ಇಳಿಯಿತು. ಮನೆಯಲ್ಲಿ ಮಲಗಿದವರು ಇನ್ನೂ ನಾಲ್ವರು. ಎದ್ದು ಒಲೆ ಹೊತ್ತಿಸಿದಳು. ಎರಡು ದಿನ ಬಿಟ್ಟು ಜ್ವರ ಮರಳಿತು, ಉಸಿರು ಮೇಲುಮೇಲಾಯಿತು, ತುಟಿ ನೀಲಿಗಟ್ಟಿತು. ದಸರೆಯ ಬನ್ನಿ ಮುಡಿಯುವ ಹೊತ್ತಿಗೆ ಆಕೆ ಇರಲಿಲ್ಲ. ಆಯಿ ಅವಳನ್ನು 'ಅವ್ವ' ಎಂದಷ್ಟೇ ಕರೆದವಳು. ಆಕೆಯ ಹೆಸರು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ.

ಅಂದು ಸತ್ತವರಲ್ಲಿ ಹೆಚ್ಚಿನವರು ಇಪ್ಪತ್ತರಿಂದ ನಲವತ್ತರ ಪ್ರಾಯದವರು. ನಮ್ಮ ದೇಶದಲ್ಲಿ ಗಂಡಸರಿಗಿಂತ ಹೆಂಗಸರೇ ಹೆಚ್ಚು. ಫ್ಲೂವಿನ ಬೆನ್ನಿಗೆ ಬಂದ ನ್ಯುಮೋನಿಯಾವೇ ಬಹುಪಾಲು ಜನರನ್ನು ಒಯ್ದದ್ದು. ಪೆನಿಸಿಲಿನ್ ಕಂಡುಹಿಡಿದದ್ದು 1928ರಲ್ಲಿ, ಮನುಷ್ಯರ ಫ್ಲೂ ವೈರಸ್ಸನ್ನು ಗುರುತಿಸಿದ್ದು 1933ರಲ್ಲಿ. 1921ರ ಜನಗಣತಿಯಲ್ಲಿ ಭಾರತದ ಜನಸಂಖ್ಯೆ ಹಿಂದಿನ ಗಣತಿಗಿಂತ ಕಡಿಮೆಯಾಗಿತ್ತು. ಗಣತಿಯ ಇತಿಹಾಸದಲ್ಲಿ ಹಾಗಾದದ್ದು ಅದೊಂದೇ ದಶಕ.

ಇದನ್ನೆಲ್ಲ ಫೋನಿನಲ್ಲಿ ಹೇಳುತ್ತ ಕೂಡಲಿಲ್ಲ. "ಉಸಿರಾಟ ಹೆಂಗೈತಿ?" ಎಂದೆ. "ಮೆಟ್ಟಲಾ ಹತ್ತಿದ್ರ ದಮ್ಮ ಹತ್ತತೈತ್ರಿ" ಎಂದ. ತರಗತಿಯಲ್ಲಿ ಗದರುತ್ತಿದ್ದ ದನಿಯಲ್ಲಿಯೇ, ಈಗಿಂದೀಗ ವೈದ್ಯರ ಬಳಿ ಹೋಗು ಎಂದೆ. ಎದೆಯ ಎಕ್ಸ್‌ರೇ ತೆಗೆಸಿದರಂತೆ, ಬಲ ಪುಪ್ಪುಸದಲ್ಲಿ ನ್ಯುಮೋನಿಯಾ. ನಾಲ್ಕು ದಿನ ಆಸ್ಪತ್ರೆಯಲ್ಲಿದ್ದು ನಿನ್ನೆ ಮನೆಗೆ ಬಂದಿದ್ದಾನೆ.