ವಯಸ್ಸಾದಂತೆ ಭಯ ಮತ್ತು ಸಾಹಸ: ಯಾವುದು ಸಹಜ, ಯಾವುದಕ್ಕೆ ವೈದ್ಯರು ಬೇಕು?

ಇಪ್ಪತ್ತರಲ್ಲಿ ಓಡುವ ಬಸ್ಸಿಗೆ ಹಾರಿ ಹತ್ತುತ್ತಿದ್ದವರು ಅರವತ್ತೈದರಲ್ಲಿ ನಿಂತ ಬಸ್ಸಿನ ಮೆಟ್ಟಿಲ ಮುಂದೆಯೂ ಹಿಂಜರಿಯಬಹುದು. ವಯಸ್ಸಾದಂತೆ ಸಾಹಸದ ಆಸೆ ಕಡಿಮೆಯಾಗುವುದು, ಎಚ್ಚರಿಕೆ ಹೆಚ್ಚಾಗುವುದು ಬಹುಪಾಲು ಸಹಜ. ಆದರೆ ಭಯ ಅತಿಯಾದರೆ ಓಡಾಟ ನಿಲ್ಲುತ್ತದೆ, ಓಡಾಟ ನಿಂತರೆ ದೇಹದ ಶಕ್ತಿ ಕುಂದುತ್ತದೆ. ದೇಹದ ಮಿತಿ ತಿಳಿಯದ ಸಾಹಸವೂ ಅಷ್ಟೇ ಅಪಾಯಕಾರಿ. ನಿಮ್ಮ ಅಥವಾ ನಿಮ್ಮ ಮನೆಯ ಹಿರಿಯರ ಭಯ ಕಾಪಾಡುವ ಭಯವೇ, ಕಟ್ಟಿಹಾಕುವ ಭಯವೇ ಎಂದು ಗುರುತಿಸಲು ಈ ಲೇಖನ ನೆರವಾಗುತ್ತದೆ.

ಕೆಲಸಕ್ಕಾಗಿ ಗುಜರಾತಿನಲ್ಲಿ ನೆಲೆಸಿದವರನ್ನು ಮತ್ತು ಅವರ ಜೊತೆ ಇರಲು ಊರಿನಿಂದ ಬಂದ ತಂದೆತಾಯಿಯರನ್ನು ಗಮನದಲ್ಲಿಟ್ಟು, ಇಲ್ಲಿನ ಉದಾಹರಣೆಗಳನ್ನು ಅಹಮದಾಬಾದಿನ ಕೈಗಾರಿಕಾ ಪ್ರದೇಶವಾದ ವಟ್ವಾದ ದಿನನಿತ್ಯದ ಬದುಕಿನಿಂದ ಆರಿಸಿಕೊಂಡಿದ್ದೇವೆ. ಸಲಹೆಗಳು ಎಲ್ಲಾ ಊರಿನವರಿಗೂ ಅನ್ವಯಿಸುತ್ತವೆ.

ಸಾಹಸದ ಆಸೆ ಏಕೆ ಕಡಿಮೆಯಾಗುತ್ತದೆ?

ಹೊಸತನ ಮತ್ತು ರೋಮಾಂಚನವನ್ನು ಹುಡುಕುವ ಸ್ವಭಾವವನ್ನು ಅಳೆಯುವ ಮಾಪಕವೊಂದನ್ನು ಅಮೆರಿಕದ ಮನಃಶಾಸ್ತ್ರಜ್ಞ ಮಾರ್ವಿನ್ ಜುಕರ್‌ಮನ್ 1960ರ ದಶಕದಲ್ಲಿ ರೂಪಿಸಿದರು. ಈ ಸ್ವಭಾವ ಹದಿಹರೆಯದ ಕೊನೆ ಮತ್ತು ಇಪ್ಪತ್ತರ ಆಸುಪಾಸಿನಲ್ಲಿ ಹೆಚ್ಚಾಗಿದ್ದು, ನಂತರ ಸಾಮಾನ್ಯವಾಗಿ ಇಳಿಯುತ್ತಾ ಹೋಗುತ್ತದೆ.

ಇದರ ಹಿಂದೆ ದೇಹದ ಕಾರಣಗಳೂ ಇವೆ. ಭಯವಾದಾಗ ಅಡ್ರಿನಲಿನ್ ಬಿಡುಗಡೆಯಾಗಿ ಎದೆಬಡಿತ ಮತ್ತು ರಕ್ತದೊತ್ತಡ ಏರುತ್ತವೆ. ಚಿಕ್ಕ ವಯಸ್ಸಿನಲ್ಲಿ ಹೃದಯ ಬೇಗ ಏರಿ ಬೇಗ ಶಾಂತವಾಗುತ್ತದೆ. ವಯಸ್ಸಾದಂತೆ ಹೃದಯ ತಲುಪಬಲ್ಲ ಗರಿಷ್ಠ ಬಡಿತ ತಗ್ಗುತ್ತದೆ, ಮೊದಲಿನ ಸ್ಥಿತಿಗೆ ಮರಳಲು ಹೆಚ್ಚು ಹೊತ್ತು ಬೇಕಾಗುತ್ತದೆ. ಸಮತೋಲನ ಕಾಯುವ ಒಳಕಿವಿ, ಕಣ್ಣು ಮತ್ತು ಪಾದದ ಸ್ಪರ್ಶಜ್ಞಾನ ಮೂರೂ ಮಂದವಾಗುತ್ತವೆ. ಹಿಂದೆ ಖುಷಿ ಕೊಟ್ಟ ತಿರುಗುವ ತೊಟ್ಟಿಲು ಈಗ ವಾಕರಿಕೆ ತರುವುದು ಇದರಿಂದಲೇ. ಇದು ಹೇಡಿತನವಲ್ಲ.

ಹಾಗೆಂದು ವಯಸ್ಸೊಂದೇ ಅಡ್ಡಿಯಲ್ಲ. ಅಮೆರಿಕದ ಮಾಜಿ ಅಧ್ಯಕ್ಷ ಜಾರ್ಜ್ ಎಚ್. ಡಬ್ಲ್ಯು. ಬುಷ್ 2014ರಲ್ಲಿ ತಮ್ಮ 90ನೇ ಹುಟ್ಟುಹಬ್ಬದಂದು ಪ್ಯಾರಾಚೂಟ್‌ನಲ್ಲಿ ಜಿಗಿದರು. ಅವರು ಒಬ್ಬರೇ ಜಿಗಿಯಲಿಲ್ಲ, ನುರಿತ ಜಿಗಿತಗಾರರೊಬ್ಬರ ಜೊತೆ ಪಟ್ಟಿಯಿಂದ ಬಿಗಿಯಲ್ಪಟ್ಟಿದ್ದರು. ಸಿದ್ಧತೆ ಮತ್ತು ಜೊತೆ ಇದ್ದರೆ ಆಸೆಯನ್ನು ಪೂರ್ತಿ ಬಿಡಬೇಕಿಲ್ಲ.

ಬೀಳುವ ಭಯ: ಒಂದು ವಿಷವರ್ತುಲ

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 65 ವರ್ಷ ದಾಟಿದವರಲ್ಲಿ ಪ್ರತಿ ವರ್ಷ ಸುಮಾರು 28ರಿಂದ 35 ಶೇಕಡಾ ಜನ ಬೀಳುತ್ತಾರೆ. ಒಮ್ಮೆ ಬಿದ್ದವರಲ್ಲಿ, ಕೆಲವೊಮ್ಮೆ ಎಂದೂ ಬೀಳದವರಲ್ಲಿಯೂ, ಬೀಳುವ ಭಯ ಬೇರೂರುತ್ತದೆ.

ವಟ್ವಾದ ಜಿಐಡಿಸಿ ರಸ್ತೆಗಳಲ್ಲಿ ಲಾರಿ, ಟೆಂಪೊಗಳ ಓಡಾಟ ಹೆಚ್ಚು. ಅಂಥ ರಸ್ತೆಯನ್ನು ನೋಡಿಕೊಂಡು ದಾಟುವುದು ಕಾಪಾಡುವ ಭಯ. ರಸ್ತೆಯ ಭಯದಿಂದ ಮನೆಯಿಂದಲೇ ಹೊರಡದಿರುವುದು, ಸ್ನಾನವನ್ನು ಮುಂದೂಡುವುದು, ಗೋಡೆ ಹಿಡಿಯದೆ ಅಡುಗೆಮನೆಗೂ ಹೋಗದಿರುವುದು ಕಟ್ಟಿಹಾಕುವ ಭಯ. ನಡೆಯುವುದು ಕಡಿಮೆಯಾದರೆ ತೊಡೆಯ ಸ್ನಾಯು ಸೊರಗುತ್ತದೆ, ಸಮತೋಲನ ಕೆಡುತ್ತದೆ, ಬೀಳುವ ಸಾಧ್ಯತೆ ಇನ್ನೂ ಹೆಚ್ಚುತ್ತದೆ. ಬೀಳದಿರಲೆಂದು ಕುಳಿತವರೇ ಬೀಳುತ್ತಾರೆ.

ಊರಿನಿಂದ ಬಂದ ಹಿರಿಯರಿಗೆ ಇನ್ನೊಂದು ಭಯವೂ ಇರುತ್ತದೆ. ಗುಜರಾತಿ ಬೋರ್ಡು ಓದಲು ಬರುವುದಿಲ್ಲ, ದಾರಿ ತಪ್ಪಿದರೆ ಯಾರನ್ನು ಕೇಳುವುದು? ಮನೆಯ ವಿಳಾಸ ಮತ್ತು ಮಕ್ಕಳ ಮೊಬೈಲ್ ನಂಬರನ್ನು ಗುಜರಾತಿಯಲ್ಲಿ ಬರೆಸಿದ ಚೀಟಿ ಜೇಬಿನಲ್ಲಿದ್ದರೆ ಈ ಭಯ ಬಹಳಷ್ಟು ಇಳಿಯುತ್ತದೆ.

ಮನೆಯಲ್ಲೇ ಒಂದು ಸರಳ ಪರೀಕ್ಷೆ

ಕುರ್ಚಿಯಿಂದ ಎದ್ದು, 3 ಮೀಟರ್ ದೂರ ಮಾಮೂಲಿ ವೇಗದಲ್ಲಿ ನಡೆದು, ತಿರುಗಿ ಬಂದು ಮತ್ತೆ ಕುಳಿತುಕೊಳ್ಳಿ. ಪಕ್ಕದಲ್ಲಿ ಇನ್ನೊಬ್ಬರು ನಿಂತು ಸಮಯ ನೋಡಲಿ. 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ ಬೀಳುವ ಅಪಾಯ ಹೆಚ್ಚಿದೆ ಎಂದರ್ಥ. ವೈದ್ಯರಿಗೆ ತಿಳಿಸಿ. ಈ ಪರೀಕ್ಷೆ ಕಾಯಿಲೆಯನ್ನು ಪತ್ತೆ ಮಾಡುವುದಿಲ್ಲ, ಎಚ್ಚರಿಕೆ ಮಾತ್ರ ಕೊಡುತ್ತದೆ.

ಭಯವೋ, ಕಾಯಿಲೆಯೋ?

ಇಳಿವಯಸ್ಸಿನಲ್ಲಿ ಹೊಸದಾಗಿ ಶುರುವಾದ ಭಯವನ್ನು "ವಯಸ್ಸಾಯಿತು" ಎಂದು ತಳ್ಳಿಹಾಕಬೇಡಿ. ಇವುಗಳಲ್ಲಿ ಯಾವುದಾದರೂ ಕಾರಣವಿರಬಹುದು:

• ಎದ್ದು ನಿಂತಾಗ ರಕ್ತದೊತ್ತಡ ಕುಸಿಯುವುದು. ಎದ್ದ 3 ನಿಮಿಷದೊಳಗೆ ಮೇಲಿನ ಅಂಕಿ 20 ಅಥವಾ ಕೆಳಗಿನ ಅಂಕಿ 10ರಷ್ಟು ಇಳಿದರೆ ಅದಕ್ಕೆ ಚಿಕಿತ್ಸೆ ಬೇಕು.
• ಸಕ್ಕರೆ ಕಾಯಿಲೆಯವರಲ್ಲಿ ಸಕ್ಕರೆ ಅಂಶ ತಗ್ಗುವುದು. ಬೆವರು, ನಡುಕ, ಗಾಬರಿ ಇದರ ಲಕ್ಷಣಗಳು.
• ಎದೆಬಡಿತ ತಾಳ ತಪ್ಪುವುದು, ಥೈರಾಯ್ಡ್ ಹೆಚ್ಚಾಗುವುದು.
• ಒಳಕಿವಿಯ ತೊಂದರೆಯಿಂದ ಬರುವ ತಲೆಸುತ್ತು, ಕಣ್ಣಿನ ಪೊರೆ.
• ಖಿನ್ನತೆ, ಆತಂಕದ ಕಾಯಿಲೆ, ಮರೆವಿನ ಕಾಯಿಲೆಯ ಆರಂಭ.
• ನಿದ್ದೆ ಮಾತ್ರೆ, ರಕ್ತದೊತ್ತಡದ ಮಾತ್ರೆಗಳ ಅಡ್ಡಪರಿಣಾಮ.

ಯಾವ ಮಾತ್ರೆಯನ್ನೂ ನೀವಾಗಿಯೇ ನಿಲ್ಲಿಸಬೇಡಿ. ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರಿಗೆ ತೋರಿಸಿ.

ಇದ್ದಕ್ಕಿದ್ದಂತೆ ಸಾಹಸ ಹೆಚ್ಚಾದರೆ

ಇದರ ವಿರುದ್ಧ ಬದಲಾವಣೆಯನ್ನೂ ಗಮನಿಸಿ. ಜೀವನವಿಡೀ ಲೆಕ್ಕಾಚಾರದಿಂದ ಇದ್ದವರು ಅರವತ್ತರ ನಂತರ ಅತಿವೇಗದಲ್ಲಿ ಬೈಕ್ ಓಡಿಸಿದರೆ, ಜೂಜಾಡಿದರೆ, ಕೈಬಿಟ್ಟು ಹಣ ಖರ್ಚು ಮಾಡಿದರೆ ಅದು ಸ್ವಭಾವ ಕೆಟ್ಟಿದ್ದಲ್ಲ, ಮಿದುಳಿನ ಕಾಯಿಲೆಯ ಸೂಚನೆ ಇರಬಹುದು. ಮಿದುಳಿನ ಮುಂಭಾಗವನ್ನು ಬಾಧಿಸುವ ಒಂದು ಬಗೆಯ ಡಿಮೆನ್ಷಿಯಾ ಮತ್ತು ಉನ್ಮಾದದ ಕಾಯಿಲೆಯಲ್ಲಿ ಹೀಗಾಗುತ್ತದೆ. ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಪ್ರಾಮಿಪೆಕ್ಸೋಲ್, ರೋಪಿನಿರೋಲ್ ಎಂಬ ಔಷಧಗಳಿಂದಲೂ ಕೆಲವರಲ್ಲಿ ಜೂಜಿನ ಹುಚ್ಚು ಹತ್ತುತ್ತದೆ. ಔಷಧವನ್ನು ವೈದ್ಯರು ಬದಲಿಸಿದಾಗ ಸಾಮಾನ್ಯವಾಗಿ ಇದು ಹತೋಟಿಗೆ ಬರುತ್ತದೆ. ಜಗಳವಾಡುವ ಮೊದಲು ನರರೋಗ ಅಥವಾ ಮನೋರೋಗ ತಜ್ಞರನ್ನು ಕಾಣಿ.

ಉತ್ತರಾಯಣದ ತಾರಸಿ

ನಮ್ಮಲ್ಲಿ ಸಂಕ್ರಾಂತಿಗೆ ಎಳ್ಳುಬೆಲ್ಲ ಹಂಚಿದರೆ, ಅಹಮದಾಬಾದಿನಲ್ಲಿ ಜನವರಿ 14 ಮತ್ತು 15ರಂದು ಇಡೀ ನಗರ ತಾರಸಿ ಹತ್ತಿ ಗಾಳಿಪಟ ಹಾರಿಸುತ್ತದೆ. ತಾರಸಿಯಿಂದ ಬಿದ್ದವರು, ಮಾಂಜಾ ದಾರದಿಂದ ಕುತ್ತಿಗೆ ಅಥವಾ ಬೆರಳು ಕೊಯ್ದುಕೊಂಡವರು ಆ ದಿನಗಳಲ್ಲಿ ಆಸ್ಪತ್ರೆ ಸೇರುತ್ತಾರೆ. ಹಿರಿಯರನ್ನು ಕೆಳಗೆ ಕೂಡಿಹಾಕುವುದು ಇದಕ್ಕೆ ಪರಿಹಾರವಲ್ಲ. ಹೀಗೆ ಮಾಡಿ:

• ಬಹಳ ಹೊತ್ತು ಮೇಲೆ ನೋಡಿದರೆ ತಲೆ ಸುತ್ತಬಹುದು. ಆಗಾಗ ಕುಳಿತು, ಕೆಳಗೆ ನೋಡಿ, ನೀರು ಕುಡಿಯಿರಿ.
• ಗಾಳಿಪಟ ಎಳೆಯುತ್ತಾ ಹಿಮ್ಮುಖವಾಗಿ ಹೆಜ್ಜೆ ಇಡಬೇಡಿ. ನೀರಿನ ಟ್ಯಾಂಕ್ ಅಥವಾ ತಾರಸಿಯ ಗೋಡೆ ಹತ್ತಬೇಡಿ.
• ಚಪ್ಪಲಿಯ ಬದಲು ಜಾರದ ಬೂಟು ಹಾಕಿ. ಕಂಬಿ ಹಿಡಿದೇ ಮೆಟ್ಟಿಲು ಇಳಿಯಿರಿ.
• ಸಮತೋಲನ ಕಡಿಮೆ ಇರುವವರು ಕುರ್ಚಿಯಲ್ಲಿ ಕುಳಿತು ಫಿರ್ಕಿ, ಅಂದರೆ ದಾರದ ಉರುಳೆ, ಹಿಡಿಯಬಹುದು. ಆಟದ ಖುಷಿ ಅವರಿಗೂ ಸಿಗುತ್ತದೆ.
• ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ನಿಷೇಧಿಸಿದೆ. ಅದನ್ನು ಮನೆಗೆ ತರಬೇಡಿ.
• ಆ ದಿನಗಳಲ್ಲಿ ಸ್ಕೂಟರ್ ಓಡಿಸುವವರು ಹೆಲ್ಮೆಟ್ ಹಾಕಿ, ಕುತ್ತಿಗೆಗೆ ದಪ್ಪ ಬಟ್ಟೆ ಸುತ್ತಿಕೊಳ್ಳಿ. ದಾರ ತಡೆಯುವ ಕಂಬಿಯನ್ನು ಸ್ಕೂಟರ್ ಮುಂದೆ ಹಾಕಿಸಿ.

ಮೊಮ್ಮಕ್ಕಳ ಜೊತೆ ಜಾಯ್‌ರೈಡ್

ಹೃದಯದ ಕಾಯಿಲೆ, ಹತೋಟಿಯಲ್ಲಿಲ್ಲದ ರಕ್ತದೊತ್ತಡ, ಕುತ್ತಿಗೆ ಅಥವಾ ಬೆನ್ನಿನ ತೊಂದರೆ, ಮೂಳೆ ಟೊಳ್ಳಾಗಿರುವುದು, ಇತ್ತೀಚೆಗೆ ಆದ ಶಸ್ತ್ರಚಿಕಿತ್ಸೆ, ಕಣ್ಣಿನ ಅಕ್ಷಿಪಟದ ತೊಂದರೆ ಇದ್ದರೆ ವೇಗದ ರೈಡ್ ಹತ್ತಬೇಡಿ. ಆರೋಗ್ಯ ಚೆನ್ನಾಗಿದ್ದರೂ ರೈಡ್‌ನ ಸುರಕ್ಷತೆ ವಿಚಾರಿಸುವುದು ತಪ್ಪಲ್ಲ. 2019ರ ಜುಲೈ 14ರಂದು ಅಹಮದಾಬಾದಿನ ಕಂಕರಿಯಾ ಕೆರೆಯ ಬಳಿ ಜಾಯ್‌ರೈಡ್ ಒಂದು ಮುರಿದು ಬಿದ್ದು ಇಬ್ಬರು ಸತ್ತರು, ಹಲವರು ಗಾಯಗೊಂಡರು. ಹತ್ತುವ ಮೊದಲು "ಬೇಡ" ಎನ್ನುವ ಹಿರಿಯರನ್ನು ಗೇಲಿ ಮಾಡಿ ಹತ್ತಿಸಬೇಡಿ.

ಕಟ್ಟಿಹಾಕುವ ಭಯಕ್ಕೆ ಏನು ಮಾಡಬೇಕು?

1. ಭಯದ ಕೆಲಸವನ್ನು ಸಣ್ಣ ಹಂತಗಳಾಗಿ ಒಡೆಯಿರಿ. ಮೊದಲ ವಾರ ಬಾಗಿಲವರೆಗೆ, ಮುಂದಿನ ವಾರ ಸೊಸೈಟಿಯ ಗೇಟಿನವರೆಗೆ, ಆಮೇಲೆ ಜೊತೆಯವರೊಂದಿಗೆ ತರಕಾರಿ ಅಂಗಡಿವರೆಗೆ. ಒಂದು ಹಂತ ಸಲೀಸಾದ ಮೇಲೆ ಮುಂದಿನದು.
2. ವಾರಕ್ಕೆ ಕನಿಷ್ಠ 3 ದಿನ ಸಮತೋಲನ ಮತ್ತು ಶಕ್ತಿ ಹೆಚ್ಚಿಸುವ ವ್ಯಾಯಾಮ ಮಾಡಿ. ಕುರ್ಚಿಯಿಂದ ಎದ್ದು ಕೂರುವುದು, ಅಡುಗೆಕಟ್ಟೆ ಹಿಡಿದು ಹಿಮ್ಮಡಿ ಎತ್ತುವುದು ಒಳ್ಳೆಯ ಆರಂಭ. ಫಿಸಿಯೋಥೆರಪಿಸ್ಟ್ ಒಮ್ಮೆ ತೋರಿಸಿಕೊಟ್ಟರೆ ಉತ್ತಮ.
3. ಸ್ನಾನದ ಮನೆಯಲ್ಲಿ ಹಿಡಿಕೆ, ರಾತ್ರಿ ಸಣ್ಣ ದೀಪ, ಸರಿಯಾದ ಎತ್ತರದ ಊರುಗೋಲು ಇರಲಿ.
4. ಭಯ ಕೆಲವು ವಾರಗಳಾದರೂ ತಗ್ಗದಿದ್ದರೆ ಆಪ್ತಸಮಾಲೋಚನೆ ಪಡೆಯಿರಿ. ಯೋಚನೆ ಮತ್ತು ವರ್ತನೆಯನ್ನು ತಿದ್ದುವ ಚಿಕಿತ್ಸೆ ಹಿರಿಯರಿಗೂ ಫಲಕಾರಿ. ಗಾಬರಿಗೆಂದು ಅಂಗಡಿಯಿಂದ ನಿದ್ದೆ ಮಾತ್ರೆ ತಂದುಕೊಡಬೇಡಿ, ಅದರಿಂದ ಬೀಳುವ ಅಪಾಯ ಹೆಚ್ಚುತ್ತದೆ.

ಆರೈಕೆ ಮಾಡುವವರಿಗೆ

"ಅಪ್ಪಾ, ಈ ವಯಸ್ಸಿಗೆ ಇದೆಲ್ಲಾ ಯಾಕೆ?" ಎಂದರೆ ಹಟ ಹೆಚ್ಚುತ್ತದೆ, ಇಲ್ಲವೇ ಮನಸ್ಸು ಮುದುಡುತ್ತದೆ. "ಅಪ್ಪಾ, ನೀವು ಹೋಗಿ ಬನ್ನಿ, ನಾನೂ ಜೊತೆಗೆ ಬರಲಾ?" ಎಂದು ಕೇಳಿ. ಹೆದರಿದ ಅಮ್ಮನಿಗೆ "ಏನೂ ಆಗಲ್ಲ" ಎನ್ನುವ ಬದಲು "ಯಾವ ಜಾಗದಲ್ಲಿ ಹೆದರಿಕೆ ಆಗುತ್ತೆ, ತೋರಿಸಮ್ಮ" ಎನ್ನಿ. ಹಲವು ಬಾರಿ ಆ ಜಾಗದಲ್ಲಿ ಒಂದು ಸಡಿಲ ಹಾಸುಗಲ್ಲೋ, ಕತ್ತಲ ಮೆಟ್ಟಿಲೋ ಇರುತ್ತದೆ, ಸರಿಪಡಿಸಬಹುದು. ಎಲ್ಲಾ ಕೆಲಸವನ್ನೂ ನೀವೇ ಮಾಡಿಕೊಡಬೇಡಿ. ಅವರಿಂದ ಆಗುವುದನ್ನು ಅವರಿಗೇ ಬಿಡಿ.

ತಕ್ಷಣ ನೆರವು ಬೇಕಾದಾಗ

ಎದೆನೋವು, ಉಸಿರುಗಟ್ಟುವಿಕೆ, ಪ್ರಜ್ಞೆ ತಪ್ಪುವುದು, ಮುಖ ಸೊಟ್ಟಗಾಗುವುದು, ಬಿದ್ದ ನಂತರ ಕಾಲೂರಲು ಆಗದಿರುವುದು ಕಂಡರೆ 108ಕ್ಕೆ ಕರೆ ಮಾಡಿ. ತೀವ್ರ ಭಯ ಅಥವಾ ಆಘಾತದ ನಂತರ ಎದೆನೋವು ಬಂದರೆ, ಮುಖ್ಯವಾಗಿ ಮುಟ್ಟು ನಿಂತ ಮಹಿಳೆಯರಲ್ಲಿ, "ಗಾಬರಿ ಅಷ್ಟೇ" ಎಂದು ಕಾಯಬೇಡಿ. ಅಂಥ ಆಘಾತದಿಂದ ಹೃದಯದ ಸ್ನಾಯು ತಾತ್ಕಾಲಿಕವಾಗಿ ದುರ್ಬಲವಾಗುವುದುಂಟು. ರಕ್ತ ತೆಳುಗೊಳಿಸುವ ಮಾತ್ರೆ ತೆಗೆದುಕೊಳ್ಳುವವರು ತಲೆಗೆ ಪೆಟ್ಟಾದರೆ ನೋವಿಲ್ಲದಿದ್ದರೂ ಆಸ್ಪತ್ರೆಗೆ ಹೋಗಬೇಕು.

ಮಾನಸಿಕ ಆರೋಗ್ಯದ ನೆರವಿಗೆ ಟೆಲಿ ಮಾನಸ್ 14416, ಹಿರಿಯ ನಾಗರಿಕರ ಸಹಾಯವಾಣಿ ಎಲ್ಡರ್‌ಲೈನ್ 14567. ಎರಡಕ್ಕೂ ಹಣ ಕೊಡಬೇಕಿಲ್ಲ.

ಗಮನಿಸಿ: ಈ ಲೇಖನ ಮಾಹಿತಿಗಾಗಿ ಮಾತ್ರ. ನಿಮ್ಮ ತೊಂದರೆಗೆ ಸರಿಯಾದ ಚಿಕಿತ್ಸೆಯನ್ನು ನಿಮ್ಮನ್ನು ಪರೀಕ್ಷಿಸಿದ ವೈದ್ಯರಷ್ಟೇ ಹೇಳಬಲ್ಲರು.