ಎಕ್ಸೈಟ್‌ಬೈಕ್: ವಿಮರ್ಶಕರ ಅಭಿಪ್ರಾಯಗಳು

ಎಕ್ಸೈಟ್‌ಬೈಕ್ ಜಪಾನಿನ ನಿಂಟೆಂಡೊ ಕಂಪನಿಯ ಮೋಟೋಕ್ರಾಸ್ ವಿಡಿಯೋ ಗೇಮ್. ಮಣ್ಣಿನ ಟ್ರ್ಯಾಕಿನಲ್ಲಿ ದಿಬ್ಬಗಳನ್ನು ಹಾರಿ ದಾಟುತ್ತ ಬೈಕ್ ಓಡಿಸುವ ಈ ಆಟ 1984ರ ನವೆಂಬರ್ 30ರಂದು ಜಪಾನಿನಲ್ಲಿ ಫ್ಯಾಮಿಕಾಮ್ ಯಂತ್ರಕ್ಕೆ ಬಿಡುಗಡೆಯಾಯಿತು. 1985ರ ಅಕ್ಟೋಬರಿನಲ್ಲಿ ನಿಂಟೆಂಡೊ ತನ್ನ ಎನ್‌ಇಎಸ್ ಯಂತ್ರವನ್ನು ನ್ಯೂಯಾರ್ಕ್‌ನಲ್ಲಿ ಮಾರಾಟಕ್ಕಿಟ್ಟಾಗ ಜೊತೆಗೆ ಬಂದ ಮೊದಲ ಆಟಗಳಲ್ಲಿ ಇದೂ ಒಂದು. ವಿನ್ಯಾಸ ಶಿಗೆರು ಮಿಯಾಮೋಟೊ ಅವರದು, ಸಂಗೀತ ಅಕಿಟೊ ನಕತ್ಸುಕ ಅವರದು. ಅಂದಿನಿಂದ ಹಲವು ಯಂತ್ರಗಳಲ್ಲಿ ಮತ್ತೆ ಮತ್ತೆ ಬಂದ ಈ ಆಟದ ತಿರುಳು ಹೆಚ್ಚುಕಡಿಮೆ ಮೊದಲಿದ್ದಂತೆಯೇ ಉಳಿದಿದೆ. ಅದರ ಮೇಲಿನ ತೀರ್ಪು ಮಾತ್ರ ಯಂತ್ರ, ಬೆಲೆ ಮತ್ತು ಕಾಲಕ್ಕೆ ತಕ್ಕಂತೆ ಏರಿಳಿದಿದೆ.

ಆಟದ ರೀತಿ

ಬೈಕ್ ಪರದೆಯ ಎಡದಿಂದ ಬಲಕ್ಕೆ ಓಡುತ್ತದೆ, ನೋಟ ಪಕ್ಕದಿಂದ. ಟ್ರ್ಯಾಕಿನಲ್ಲಿ ನಾಲ್ಕು ಲೇನ್‌ಗಳಿವೆ. ಮೇಲೆ, ಕೆಳಗೆ ಒತ್ತಿದರೆ ಲೇನ್ ಬದಲಾಗುತ್ತದೆ. ಎಡಕ್ಕೆ ಒತ್ತಿದರೆ ಮುಂದಿನ ಚಕ್ರ ಮೇಲೇಳುತ್ತದೆ, ಬಲಕ್ಕೆ ಒತ್ತಿದರೆ ತಗ್ಗುತ್ತದೆ. ಎ ಬಟನ್ ಸಾಧಾರಣ ವೇಗಕ್ಕೆ, ಬಿ ಬಟನ್ ಟರ್ಬೊ ವೇಗಕ್ಕೆ. ಟರ್ಬೊ ಬಳಸಿದಷ್ಟೂ ಪರದೆಯ ಕೆಳಗಿನ ತಾಪಮಾನದ ಪಟ್ಟಿ ಏರುತ್ತದೆ. ಅದು ತುಂಬಿದರೆ ಇಂಜಿನ್ ಬಿಸಿಯಾಗಿ ಬೈಕ್ ಪಕ್ಕಕ್ಕೆ ಸರಿದು ಕೆಲವು ಸೆಕೆಂಡು ನಿಂತೇ ಬಿಡುತ್ತದೆ. ದಾರಿಯಲ್ಲಿರುವ ಬಾಣದ ಗುರುತುಗಳ ಮೇಲೆ ಹಾದರೆ ಇಂಜಿನ್ ತಣ್ಣಗಾಗುತ್ತದೆ.

ಒಟ್ಟು ಐದು ಟ್ರ್ಯಾಕ್‌ಗಳು. ಅವನ್ನು ಒಂಟಿಯಾಗಿ ಓಡಬಹುದು, ಇಲ್ಲವೇ ಯಂತ್ರ ನಡೆಸುವ ಸವಾರರ ನಡುವೆ ಓಡಬಹುದು. ಮೂರನೆಯ ಆಯ್ಕೆಯಾದ ಡಿಸೈನ್ ವಿಭಾಗದಲ್ಲಿ ಬಗೆಬಗೆಯ ದಿಬ್ಬ, ಕೆಸರುತಗ್ಗುಗಳನ್ನು ಜೋಡಿಸಿ ಆಟಗಾರ ಸ್ವಂತ ಟ್ರ್ಯಾಕ್ ಕಟ್ಟಬಹುದು.

ಮೆಚ್ಚುಗೆ

ಹಿಂದಿರುಗಿ ನೋಡಿ ಬರೆದ ವಿಮರ್ಶೆಗಳು ಹೆಚ್ಚಾಗಿ ಎತ್ತಿ ಹೇಳುವುದು ತಾಪಮಾನದ ಪಟ್ಟಿಯನ್ನು. ಆ ಕಾಲದ ಹೆಚ್ಚಿನ ರೇಸಿಂಗ್ ಆಟಗಳಲ್ಲಿ ವೇಗದ ಬಟನ್ ಬಿಡಲು ಕಾರಣವೇ ಇರಲಿಲ್ಲ. ಎಕ್ಸೈಟ್‌ಬೈಕ್‌ನಲ್ಲಿ ವೇಗ ಖರ್ಚಾಗುವ ವಸ್ತು. ಯಾವ ದಿಬ್ಬಕ್ಕೆ ಟರ್ಬೊ ಹಾಕಬೇಕು, ಎಲ್ಲಿ ಬಿಡಬೇಕು, ತಂಪಾಗಿಸುವ ಬಾಣ ಯಾವ ಲೇನ್‌ನಲ್ಲಿದೆ ಎಂಬ ಲೆಕ್ಕ ಓಟದುದ್ದಕ್ಕೂ ನಡೆಯುತ್ತಲೇ ಇರುತ್ತದೆ. ಟ್ರ್ಯಾಕ್ ಬಾಯಿಪಾಠವಾದವರು ಪಟ್ಟಿ ತುಂಬುವ ಅಂಚಿಗೆ ತಂದು, ಸರಿಯಾಗಿ ಆಗಲೇ ಬಾಣದ ಮೇಲೆ ಹಾಯುತ್ತಾರೆ. ಸಣ್ಣದೊಂದು ನಿಯಮ ಇಡೀ ಓಟಕ್ಕೆ ಒತ್ತಡ ತುಂಬಿದೆ ಎಂಬುದು ಈ ಮೆಚ್ಚುಗೆಯ ಸಾರ.

ಎರಡನೆಯ ಮೆಚ್ಚುಗೆ ಹಾರಿ ಇಳಿಯುವ ಕೌಶಲಕ್ಕೆ ಸಂದಿದೆ. ಇಳಿಯುವ ನೆಲದ ಓರೆಗೆ ಸರಿಯಾಗಿ ಎರಡೂ ಚಕ್ರಗಳನ್ನು ಹೊಂದಿಸಿದರೆ ವೇಗ ಉಳಿಯುತ್ತದೆ. ಓರೆ ತಪ್ಪಿದರೆ ವೇಗ ಕುಗ್ಗುತ್ತದೆ ಅಥವಾ ಸವಾರ ಉರುಳಿ ಬೀಳುತ್ತಾನೆ. ಬಿದ್ದವನು ಎದ್ದು ಬೈಕಿನತ್ತ ಓಡುವಾಗ ಬಟನ್ ಬಡಿದಷ್ಟೂ ಬೇಗ ಓಡುತ್ತಾನೆ. ಫ್ಯಾಮಿಕಾಮ್ ಯಂತ್ರಕ್ಕೆ ಚಿತ್ರವನ್ನು ತಾನಾಗಿ ಓರೆ ತಿರುಗಿಸುವ ಶಕ್ತಿ ಇರಲಿಲ್ಲ. ಆದ್ದರಿಂದ ಬೈಕಿನ ಒಂದೊಂದು ಭಂಗಿಯನ್ನೂ ಬೇರೆ ಬೇರೆಯಾಗಿ ಬಿಡಿಸಿಡಬೇಕಾಗಿತ್ತು. ಅಷ್ಟಿದ್ದೂ ಗಾಳಿಯಲ್ಲಿ ಬೈಕ್ ವಾಲುವುದು ಸಹಜವಾಗಿ ಕಾಣುತ್ತದೆ.

ಸವಾರರ ನಡುವಿನ ಡಿಕ್ಕಿಯ ನಿಯಮವೂ ಸರಳ. ನಿಮ್ಮ ಮುಂದಿನ ಚಕ್ರ ಇನ್ನೊಬ್ಬನ ಹಿಂದಿನ ಚಕ್ರಕ್ಕೆ ತಾಗಿದರೆ ಬೀಳುವವರು ನೀವು. ನಿಮ್ಮ ಹಿಂದಿನ ಚಕ್ರಕ್ಕೆ ಅವನ ಮುಂದಿನ ಚಕ್ರ ತಾಗಿದರೆ ಬೀಳುವವನು ಅವನು. ಒಮ್ಮೆ ಬಿದ್ದರೆ ಸಾಕು, ಯಾರೂ ಹೇಳಿಕೊಡದೆ ಇದು ಅರ್ಥವಾಗುತ್ತದೆ. ಕಲಿಯುವುದು ಸುಲಭ, ಪಳಗುವುದು ಕಷ್ಟ ಎಂಬ ಮಾತು ಈ ಆಟದ ವಿಮರ್ಶೆಗಳಲ್ಲಿ ಪದೇ ಪದೇ ಬರುವುದಕ್ಕೆ ಇಂಥ ನಿಯಮಗಳೇ ಕಾರಣ.

ಆಕ್ಷೇಪಗಳು

ಮುಖ್ಯ ಆಕ್ಷೇಪ ಆಟದ ಗಾತ್ರದ್ದು. ಐದೇ ಟ್ರ್ಯಾಕ್‌ಗಳನ್ನು ಬೇಗ ಓಡಿ ಮುಗಿಸಬಹುದು. ಆಮೇಲೆ ಉಳಿಯುವುದು ತನ್ನದೇ ಸಮಯವನ್ನು ತಾನು ಮುರಿಯುವ ಹಟ. ಆ ಹಟ ಇಲ್ಲದವರಿಗೆ ಆಟ ಅಲ್ಲಿಗೆ ಮುಗಿಯಿತು.

ಎರಡನೆಯದು ಎದುರಾಳಿಗಳ ಕುರಿತದ್ದು. ಜೊತೆಯ ಸವಾರರು ನಿಜವಾಗಿ ಸ್ಪರ್ಧಿಗಳಲ್ಲ, ಚಲಿಸುವ ಅಡೆತಡೆಗಳು. ಅವರಲ್ಲಿ ಎಷ್ಟು ಜನರನ್ನು ಹಿಂದಿಕ್ಕಿದರೂ ಸ್ಥಾನ ನಿರ್ಧಾರವಾಗುವುದು ಗಡಿಯಾರದಿಂದ. ರೇಸ್ ಎಂದು ಕರೆದರೂ ಇದು ಸಮಯದ ವಿರುದ್ಧದ ಓಟ ಎಂದು ವಿಮರ್ಶಕರು ಹೇಳುವುದು ಇದಕ್ಕೇ. ಮನೆಯ ಯಂತ್ರಕ್ಕೆ ಬಂದ ಮೂಲ ಆಟದಲ್ಲಿ ಇಬ್ಬರು ಒಟ್ಟಿಗೆ ಆಡುವ ಅವಕಾಶವೂ ಇರಲಿಲ್ಲ. ಆ ಕೊರತೆ ತುಂಬಿದ್ದು 1988ರಲ್ಲಿ ಜಪಾನಿನಲ್ಲಷ್ಟೇ ಫ್ಯಾಮಿಕಾಮ್ ಡಿಸ್ಕ್ ಸಿಸ್ಟಮ್‌ಗೆ ಬಂದ ವಿಎಸ್. ಎಕ್ಸೈಟ್‌ಬೈಕ್.

ಓಟದ ಹೊತ್ತಿನಲ್ಲಿ ಸಂಗೀತ ಇರುವುದಿಲ್ಲ, ಕೇಳಿಸುವುದು ಇಂಜಿನ್ ಸದ್ದು ಮಾತ್ರ. ಇದನ್ನು ಕೆಲವರು ಬರಡು ಎನ್ನುತ್ತಾರೆ. ಇಂಜಿನ್ನಿನ ಸದ್ದೇ ವೇಗದ ಸುಳಿವು ಕೊಡುತ್ತದೆ, ಸಂಗೀತ ಬೇಕಿಲ್ಲ ಎನ್ನುವವರೂ ಇದ್ದಾರೆ.

ಡಿಸೈನ್ ವಿಭಾಗದ ವಿವಾದ

ಒಂದೇ ಅಂಶ ಹೊಗಳಿಕೆ, ತೆಗಳಿಕೆ ಎರಡಕ್ಕೂ ಗುರಿಯಾದದ್ದು ಡಿಸೈನ್ ವಿಭಾಗದಲ್ಲಿ. 1984ರಲ್ಲಿ ಮನೆಯ ಆಟದ ಯಂತ್ರದಲ್ಲಿ ಆಟಗಾರನೇ ಟ್ರ್ಯಾಕ್ ಕಟ್ಟುವುದು ಅಪರೂಪದ ಸಂಗತಿ. ಆಟಗಾರರು ಮಟ್ಟಗಳನ್ನು ತಾವೇ ರಚಿಸುವ ಮುಂದಿನ ಆಟಗಳ ಚರಿತ್ರೆ ಬರೆಯುವವರು ಇದನ್ನು ಆರಂಭದ ಉದಾಹರಣೆಗಳಲ್ಲಿ ಸೇರಿಸುತ್ತಾರೆ.

ತೊಂದರೆ ಇದ್ದದ್ದು ಕಟ್ಟಿದ ಟ್ರ್ಯಾಕನ್ನು ಉಳಿಸುವಲ್ಲಿ. ಜಪಾನಿನಲ್ಲಿ ಫ್ಯಾಮಿಕಾಮ್ ಡೇಟಾ ರೆಕಾರ್ಡರ್ ಎಂಬ ಉಪಕರಣ ಕೊಂಡವರು ಟ್ರ್ಯಾಕನ್ನು ಕ್ಯಾಸೆಟ್ ಟೇಪಿನಲ್ಲಿ ಉಳಿಸಬಹುದಿತ್ತು. ಆ ಉಪಕರಣ ಅಮೆರಿಕಕ್ಕೆ ಬರಲೇ ಇಲ್ಲ. ಆದರೂ ಅಲ್ಲಿನ ಆಟದ ಪರದೆಯಲ್ಲಿ ಉಳಿಸುವ ಮತ್ತು ಮರಳಿ ತೆರೆಯುವ ಆಯ್ಕೆಗಳು ಹಾಗೆಯೇ ಉಳಿದವು. ಅವು ಕೆಲಸ ಮಾಡುವುದಿಲ್ಲ, ಮುಂದೆ ಬರಬಹುದಾದ ಉತ್ಪನ್ನಗಳಿಗಾಗಿ ಇಡಲಾಗಿದೆ ಎಂದು ಕೈಪಿಡಿ ಒಪ್ಪಿಕೊಂಡಿತ್ತು. ಯಂತ್ರ ಆರಿಸಿದೊಡನೆ ಟ್ರ್ಯಾಕ್ ಅಳಿಸಿಹೋಗುತ್ತಿತ್ತು. ಪ್ರೊಗ್ರಾಮೆಬಲ್ ಸಿರೀಸ್ ಎಂಬ ಹೆಸರಿನಲ್ಲೇ ಮಾರಾಟವಾದ ಆಟದಲ್ಲಿ ಈ ಕೊರತೆ ಎದ್ದು ಕಂಡಿತು. ಅದೇ ಸಾಲಿನ ರೆಕಿಂಗ್ ಕ್ರೂ ಮತ್ತು ಮ್ಯಾಕ್ ರೈಡರ್ ಆಟಗಳದೂ ಇದೇ ಕಥೆ.

ಭಾರತದಲ್ಲಿ ಆಟ ಹರಡಿದ ದಾರಿಯೇ ಬೇರೆ. 1990ರ ದಶಕದಲ್ಲಿ ಕರ್ನಾಟಕದ ಊರುಗಳಿಗೂ ಬಂದ 'ಟಿವಿ ಗೇಮ್'ಗಳಲ್ಲಿ ಬಹುಪಾಲು ಫ್ಯಾಮಿಕಾಮ್‌ನ ನಕಲು ಯಂತ್ರಗಳು. ಒಂದೇ ಕ್ಯಾಸೆಟ್‌ನಲ್ಲಿ ಹತ್ತಾರು ಆಟ ತುಂಬಿ ಮಾರುತ್ತಿದ್ದ ಆ ವ್ಯವಸ್ಥೆಯಲ್ಲಿ ಆಟಕ್ಕೆ ಬಿಡಿ ಬೆಲೆಯೂ ಇರಲಿಲ್ಲ, ಕೈಪಿಡಿಯೂ ಇರಲಿಲ್ಲ. ಐದೇ ಟ್ರ್ಯಾಕ್ ಎಂಬ ಆಕ್ಷೇಪಕ್ಕೆ ಅಲ್ಲಿ ತೂಕವೂ ಕಡಿಮೆ.

ಮರುಬಿಡುಗಡೆಗಳ ವಿಮರ್ಶೆ

2004ರಲ್ಲಿ ನಿಂಟೆಂಡೊ ಇದನ್ನು ಜಪಾನಿನಲ್ಲಿ ಫ್ಯಾಮಿಕಾಮ್ ಮಿನಿ ಸಾಲಿನಲ್ಲೂ ಅಮೆರಿಕದಲ್ಲಿ ಕ್ಲಾಸಿಕ್ ಎನ್‌ಇಎಸ್ ಸಾಲಿನಲ್ಲೂ ಗೇಮ್ ಬಾಯ್ ಅಡ್ವಾನ್ಸ್ ಯಂತ್ರಕ್ಕೆ ಹೊರತಂದಿತು. ಅಮೆರಿಕದಲ್ಲಿ ಬೆಲೆ ಸುಮಾರು 20 ಡಾಲರ್. ಇಪ್ಪತ್ತು ವರ್ಷ ಹಳೆಯ, ಅರ್ಧ ಗಂಟೆಯಲ್ಲಿ ಎಲ್ಲವನ್ನೂ ನೋಡಿ ಮುಗಿಸಬಹುದಾದ ಆಟಕ್ಕೆ ಇದು ದುಬಾರಿ ಎಂಬ ದೂರು ಬಂತು. ಮೂಲ ಯಂತ್ರದ 256×240 ಚುಕ್ಕಿಗಳ ಚಿತ್ರವನ್ನು 240×160ರ ಪುಟ್ಟ ಪರದೆಗೆ ಅಮುಕಿದ್ದರಿಂದ ಚಿತ್ರ ಚಪ್ಪಟೆಯಾಯಿತು ಎಂಬ ಟೀಕೆಯೂ ಇತ್ತು.

2011ರಲ್ಲಿ ನಿಂಟೆಂಡೊ 3ಡಿಎಸ್ ಯಂತ್ರಕ್ಕೆ 3ಡಿ ಕ್ಲಾಸಿಕ್ಸ್: ಎಕ್ಸೈಟ್‌ಬೈಕ್ ಬಂದಾಗ ಧಾಟಿ ಬದಲಾಯಿತು. ಅದನ್ನು ಮೊದಲ ಕೆಲವು ವಾರ ಉಚಿತವಾಗಿ ಕೊಡಲಾಯಿತು. ದಿಬ್ಬಗಳಿಗೂ ಹಿನ್ನೆಲೆಗೂ ಆಳ ಬಂದಿದ್ದು ವಿಮರ್ಶಕರಿಗೆ ಹಿಡಿಸಿತು. ಕಟ್ಟಿದ ಟ್ರ್ಯಾಕ್‌ಗಳನ್ನು ಉಳಿಸುವ ಅವಕಾಶವೂ ಇತ್ತು. 2004ರಲ್ಲಿ ಕಡಿಮೆಯಾಯಿತು ಎನಿಸಿದ ಅದೇ ಐದು ಟ್ರ್ಯಾಕ್‌ಗಳು ಪುಕ್ಕಟೆ ಸಿಕ್ಕಾಗ ಅಷ್ಟು ದೊಡ್ಡ ದೋಷವಾಗಿ ಕಾಣಲಿಲ್ಲ. 2016ರ ಎನ್‌ಇಎಸ್ ಕ್ಲಾಸಿಕ್ ಎಡಿಷನ್ ಯಂತ್ರದ 30 ಆಟಗಳಲ್ಲಿ ಒಂದಾಗಿ ಸೇರಿದಾಗಲೂ ಬಿಡಿ ಬೆಲೆಯ ಪ್ರಶ್ನೆ ಏಳಲಿಲ್ಲ.

ಉತ್ತರಾಧಿಕಾರಿ ಆಟಗಳು

2000ರಲ್ಲಿ ಲೆಫ್ಟ್ ಫೀಲ್ಡ್ ಪ್ರೊಡಕ್ಷನ್ಸ್ ರೂಪಿಸಿದ ಎಕ್ಸೈಟ್‌ಬೈಕ್ 64 ಆಟವನ್ನು ಮೂರು ಆಯಾಮಗಳಿಗೆ ತಂದಿತು. ಬೈಕ್ ನಡೆಯುವ ರೀತಿ, ಟ್ರ್ಯಾಕ್ ರಚನಾ ಸೌಲಭ್ಯ, ಮರುಭೂಮಿ ಓಟ, ಗುಡ್ಡ ಹತ್ತುವ ಸ್ಪರ್ಧೆ, ಬೈಕ್ ಮೇಲೆ ಕುಳಿತು ಆಡುವ ಸಾಕರ್ ಮೊದಲಾದ ವೈವಿಧ್ಯಕ್ಕೆ ಅದು ಒಳ್ಳೆಯ ಹೆಸರು ಪಡೆಯಿತು. ಹಳೆಯ ಆಟವನ್ನೇ ಅದರೊಳಗೆ ಬಹುಮಾನವಾಗಿ ಅಡಗಿಸಿಡಲಾಗಿತ್ತು. ಗಾತ್ರದ ಕುರಿತ ಹಳೆಯ ದೂರಿಗೆ ಇದು ನೇರ ಉತ್ತರ.

ಮಾನ್‌ಸ್ಟರ್ ಗೇಮ್ಸ್ ತಯಾರಿಸಿದ ಎಕ್ಸೈಟ್ ಟ್ರಕ್ 2006ರಲ್ಲಿ ಬೈಕಿನ ಜಾಗಕ್ಕೆ ಟ್ರಕ್ ತಂದರೂ ಟರ್ಬೊ ಮತ್ತು ಬಿಸಿಯಾಗುವ ಇಂಜಿನ್ನಿನ ನಿಯಮ ಬಿಡಲಿಲ್ಲ. ಅದೇ ತಂಡ 2009ರಲ್ಲಿ ನಿಂಟೆಂಡೊದ ಡೌನ್‌ಲೋಡ್ ಸೇವೆಯಾದ ವೀವೇರ್‌ನಲ್ಲಿ ಎಕ್ಸೈಟ್‌ಬೈಕ್: ವರ್ಲ್ಡ್ ರ‍್ಯಾಲಿ ಬಿಡುಗಡೆ ಮಾಡಿತು. ಅಂತರ್ಜಾಲದಲ್ಲಿ ಸ್ಪರ್ಧಿಸುವ ಸೌಲಭ್ಯ ಮೆಚ್ಚುಗೆ ಗಳಿಸಿತು. ಒಂದೇ ಟಿವಿಯ ಮುಂದೆ ಕುಳಿತು ಗೆಳೆಯರ ಜೊತೆ ಆಡಲಾಗದ್ದು ಟೀಕೆಗೆ ಗುರಿಯಾಯಿತು.

ಪ್ರಭಾವ ಮತ್ತು ಒಟ್ಟು ಮೌಲ್ಯಮಾಪನ

ಪರದೆ ಪಕ್ಕಕ್ಕೆ ನಯವಾಗಿ ಜಾರುವ ತಂತ್ರದಲ್ಲಿ ಎಕ್ಸೈಟ್‌ಬೈಕ್ ಕೊಟ್ಟ ಅನುಭವ 1985ರ ಸೂಪರ್ ಮಾರಿಯೊ ಬ್ರದರ್ಸ್‌ಗೆ ನೆರವಾಯಿತು ಎಂಬುದು ವಿಡಿಯೋ ಗೇಮ್ ಚರಿತ್ರೆಯಲ್ಲಿ ಒಪ್ಪಿತವಾದ ಮಾತು. 2014ರಲ್ಲಿ ಮಾರಿಯೊ ಕಾರ್ಟ್ 8ಕ್ಕೆ ಸೇರಿದ ಎಕ್ಸೈಟ್‌ಬೈಕ್ ಅರೀನಾದಲ್ಲಿ ದಿಬ್ಬಗಳ ಜೋಡಣೆ ಪ್ರತಿ ಸಲವೂ ಬದಲಾಗುತ್ತದೆ. ಡಿಸೈನ್ ವಿಭಾಗಕ್ಕೆ ಸಂದ ಗೌರವ ಅದು.

ಇಷ್ಟು ವರ್ಷಗಳ ಅಭಿಪ್ರಾಯಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಆಕ್ಷೇಪಗಳು ಬಹುಮಟ್ಟಿಗೆ ಆಟದ ಸುತ್ತಲಿನ ಸಂಗತಿಗಳಿಗೆ ಸೇರಿದವು: ಬೆಲೆ, ಪರದೆಯ ಅಳತೆ, ಟ್ರ್ಯಾಕ್‌ಗಳ ಸಂಖ್ಯೆ, ಬಾರದೇ ಹೋದ ಉಪಕರಣ. ಇವುಗಳಲ್ಲಿ ಹೆಚ್ಚಿನವನ್ನು ಒಂದಲ್ಲ ಒಂದು ಮರುಬಿಡುಗಡೆ ಅಥವಾ ಮುಂದಿನ ಆಟ ಸರಿಪಡಿಸಿತು. ಎರಡು ಬಟನ್‌ಗಳ ನಡುವೆ ತಾಪಮಾನ ತೂಗಿಸುವ, ಹಾರಿದ ಬೈಕನ್ನು ನೆಲದ ಓರೆಗೆ ಹೊಂದಿಸುವ ಮೂಲ ನಿಯಮಗಳನ್ನು ತಿದ್ದಬೇಕೆಂದು ಕೇಳಿದ ವಿಮರ್ಶಕರು ಮಾತ್ರ ವಿರಳ.